ಐಟಿಐ, ಡಿಪ್ಲೊಮಾ, ಟೂಲ್ ರೂಮ್: ಓದುಗರ ಪ್ರಶ್ನೆಗಳಿಗೆ ಉತ್ತರ

ಎಸ್ಸೆಸ್ಸೆಲ್ಸಿಯ ನಂತರದ ತಾಂತ್ರಿಕ ಕೋರ್ಸುಗಳ ಕುರಿತು ಪ್ರಶ್ನೆಗಳನ್ನು ಕಳುಹಿಸುವಂತೆ ಕಳೆದ ಸಂಚಿಕೆಯಲ್ಲಿ ಕೋರಿದ್ದೆವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡು, ಬಾಗಲಕೋಟೆಯಲ್ಲಿ ನೆಲೆಸಿರುವ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕರೊಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಕಬ್ಬು ಬೆಳೆಗಾರ. ಮಗ ಎಸ್ಸೆಸ್ಸೆಲ್ಸಿಯಲ್ಲಿ ಶೇ 58 ಅಂಕ ಪಡೆದಿದ್ದಾನೆ. ಗಣಿತದಲ್ಲಿ ಹೇಗೋ ಪಾಸಾಗಿದ್ದಾನೆ. ಪಿಯುಸಿ ಬೇಡವೆಂದು ಹಟ ಹಿಡಿದಿದ್ದಾನೆ. ಡಿಪ್ಲೊಮಾ ಮಾಡಿಸಿ ಎಂದು ನಮ್ಮ ಭಾವ ಹೇಳುತ್ತಾರೆ. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿರುವ ಗೆಳೆಯ ಐಟಿಐ ಸಾಕು ಎನ್ನುತ್ತಾನೆ. ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಭಾವನವರು ಒಂದು ಕೆಲಸದ ಬಗ್ಗೆ ಹೇಳುತ್ತಿದ್ದಾರೆ, ಗೆಳೆಯರು ಇನ್ನೊಂದರ ಬಗ್ಗೆ ಹೇಳುತ್ತಿದ್ದಾರೆ. ಯಂತ್ರವನ್ನು ಬಿಚ್ಚಿ ಜೋಡಿಸುವ, ಅಳತೆಗೆ ತಕ್ಕಂತೆ ಲೋಹವನ್ನು ಉಜ್ಜಿ ಕೂಡಿಸುವ ಕೈಗಳನ್ನು ಐಟಿಐ ತಯಾರು ಮಾಡುತ್ತದೆ. ಅದೇ ಕೆಲಸವನ್ನು ನಕ್ಷೆಯಿಂದ ಓದಿ, ಲೆಕ್ಕ ಹಾಕಿ, ನಾಲ್ಕು ಜನರಿಂದ ಮಾಡಿಸುವವರನ್ನು ಪಾಲಿಟೆಕ್ನಿಕ್ ತಯಾರು ಮಾಡುತ್ತದೆ. ಐಟಿಐ ವೇಳಾಪಟ್ಟಿಯಲ್ಲಿ ಹೆಚ್ಚಿನ ಸಮಯ ವರ್ಕ್‌ಶಾಪಿಗೆ ಸಲ್ಲುತ್ತದೆ. ಫಿಟ್ಟರ್ ಟ್ರೇಡಿಗೆ ಸೇರಿದ ಹುಡುಗ ಮೊದಲ ವಾರಗಳಲ್ಲಿ ಕಬ್ಬಿಣದ ತುಂಡೊಂದನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜುತ್ತಲೇ ಇರುತ್ತಾನೆ. ಬೇಸತ್ತು ಬಿಡುವವರು ಆಗಲೇ ಬಿಡುತ್ತಾರೆ, ಉಳಿದವರ ಕೈ ಅಲ್ಲಿಯೇ ಪಳಗುತ್ತದೆ. ಡಿಪ್ಲೊಮಾದಲ್ಲಿ ಮೊದಲ ವರ್ಷವೇ ಎಂಜಿನಿಯರಿಂಗ್ ಗಣಿತ ಎದುರಾಗುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಕನಿಷ್ಠ ಶೇ 35 ಅಂಕವಿದ್ದರೆ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು ಎಂಬುದು ನಿಜ. ಆದರೆ ಸೀಟು ಸಿಗುವುದು ಬೇರೆ, ಸೆಮಿಸ್ಟರ್ ದಾಟುವುದು ಬೇರೆ. ಗಣಿತದಲ್ಲಿ ಅಂಚಿನಲ್ಲಿ ಪಾಸಾಗಿ ಬಂದವರು ಮೊದಲೆರಡು ಸೆಮಿಸ್ಟರುಗಳ ಬ್ಯಾಕ್‌ಲಾಗ್‌ಗಳನ್ನು ಮೂರನೆಯ ವರ್ಷದವರೆಗೂ ಹೊತ್ತು ನಡೆಯುವುದನ್ನು ನಾನು ಪ್ರತಿ ವರ್ಷವೂ ಕಂಡಿದ್ದೇನೆ.

ಹಾಗೆಂದು ಐಟಿಐ ಸೇರಿದವನಿಗೆ ಮುಂದಿನ ಓದು ಮುಚ್ಚಿಹೋಗುವುದಿಲ್ಲ. ಎರಡು ವರ್ಷದ ಟ್ರೇಡ್ ಮುಗಿಸಿದವರು ಲ್ಯಾಟರಲ್ ಎಂಟ್ರಿಯ ಮೂಲಕ ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಅಂದರೆ ನೇರವಾಗಿ ಮೂರನೆಯ ಸೆಮಿಸ್ಟರಿಗೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೆಯ ವರ್ಷಕ್ಕೆ ಹೋಗಬಹುದು. ವರ್ಷಗಳನ್ನು ಲೆಕ್ಕ ಹಾಕಿ ನೋಡಿ: ನೇರ ಡಿಪ್ಲೊಮಾಕ್ಕೆ 3 ವರ್ಷ, ಐಟಿಐ ಮೂಲಕ ಡಿಪ್ಲೊಮಾಕ್ಕೆ 4 ವರ್ಷ. ಹೆಚ್ಚಾಗುವ ಆ ಒಂದು ವರ್ಷಕ್ಕೆ ಪ್ರತಿಯಾಗಿ ಕೈಯಲ್ಲಿ ಒಂದು ಕಸುಬು, ಜೊತೆಗೆ ದೇಶದಾದ್ಯಂತ ನಡೆಯುವ ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಇರುತ್ತದೆ. ಆದರೆ ಈ ದಾರಿ ಎರಡು ವರ್ಷದ ಟ್ರೇಡ್‌ಗಳಿಗೆ ಮಾತ್ರ ತೆರೆದಿದೆ ಎಂಬುದನ್ನು ಮರೆಯಬಾರದು. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್, ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಎರಡು ವರ್ಷದವು. ವೆಲ್ಡರ್, ಡೀಸೆಲ್ ಮೆಕ್ಯಾನಿಕ್, ಕೋಪಾ ಎಂದು ಕರೆಯುವ ಕಂಪ್ಯೂಟರ್ ಟ್ರೇಡ್ ಒಂದು ವರ್ಷದವು. ಒಂದು ವರ್ಷ ಉಳಿಯಿತೆಂಬ ಸಂತೋಷದಲ್ಲಿ ಸೇರಿ, ಮುಂದೆ ಡಿಪ್ಲೊಮಾ ಬಾಗಿಲಿಗೆ ಹೋಗಿ ಹಿಂದಿರುಗಿದ ಹುಡುಗರು ಕಡಿಮೆಯಿಲ್ಲ.

ನೀವು ಮುಧೋಳದವರಾದ್ದರಿಂದ ಸಕ್ಕರೆ ಕಾರ್ಖಾನೆಯ ಕುರಿತೂ ಒಂದು ಮಾತು. ಹಂಗಾಮಿನಲ್ಲಿ ಕಾರ್ಖಾನೆ ಹಗಲು ರಾತ್ರಿ ಕಬ್ಬು ನುರಿಸುತ್ತದೆ; ಹಂಗಾಮು ಮುಗಿದ ಮೇಲೆ ಇಡೀ ಕಾರ್ಖಾನೆಯನ್ನು ಬಿಚ್ಚಿ ದುರಸ್ತಿ ಮಾಡುತ್ತಾರೆ. ಸವೆದ ರೋಲರುಗಳ ಹಲ್ಲುಗಳಿಗೆ ವೆಲ್ಡಿಂಗಿನಿಂದ ಗಟ್ಟಿ ಲೋಹ ತುಂಬುವುದು, ಬೇರಿಂಗ್ ಬದಲಿಸುವುದು, ಬಾಯ್ಲರ್ ಟ್ಯೂಬ್ ತೆಗೆದು ಹಾಕುವುದು, ಪಂಪುಗಳನ್ನು ಸರಿಪಡಿಸುವುದು ಎಲ್ಲವೂ ಆಗಲೇ ನಡೆಯುತ್ತವೆ. ಒಳ್ಳೆಯ ಫಿಟ್ಟರನ ಬೆಲೆ ತಿಳಿಯುವುದು ಈ ತಿಂಗಳುಗಳಲ್ಲಿ. ಬಾಯ್ಲರ್ ನಡೆಸುವ ಕೆಲಸಕ್ಕೆ ಮಾತ್ರ ಐಟಿಐ ಸಾಲದು. ಅದಕ್ಕೆ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಯ ಪ್ರತ್ಯೇಕ ಅರ್ಹತಾ ಪ್ರಮಾಣಪತ್ರ ಬೇಕು. ಸಕ್ಕರೆ ತಯಾರಿಕೆಯ ವಿಭಾಗಕ್ಕೇ ಹೋಗಬೇಕೆಂದರೆ ಅದು ಇನ್ನೊಂದು ದಾರಿ; ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಲ್ಲಿ ಸಕ್ಕರೆ ತಂತ್ರಜ್ಞಾನದ ಕೋರ್ಸುಗಳಿವೆ.

ನಿಮ್ಮ ಮಗನನ್ನು ನೋಡದೆ ತೀರ್ಪು ಹೇಳಬೇಕಾಗಿ ಬಂದರೆ ನಾನು ಫಿಟ್ಟರ್ ಟ್ರೇಡ್ ಎನ್ನುತ್ತೇನೆ. ಈ ಎರಡು ವರ್ಷಗಳಲ್ಲಿ ಗಣಿತವನ್ನು ನಿಧಾನವಾಗಿ ಸರಿಪಡಿಸಿಕೊಂಡರೆ ಡಿಪ್ಲೊಮಾ ಎಲ್ಲಿಗೂ ಓಡಿಹೋಗುವುದಿಲ್ಲ. ಆದರೆ ಲ್ಯಾಟರಲ್ ಎಂಟ್ರಿಯವರಿಗೆ ಮೂರನೆಯ ಸೆಮಿಸ್ಟರೇ ಕಠಿಣ ಪರೀಕ್ಷೆ. ಪಕ್ಕದ ಬೆಂಚಿನವರು ಒಂದು ವರ್ಷ ಗಣಿತ ಓದಿ ಬಂದಿರುತ್ತಾರೆ, ಇವರು ಎರಡು ವರ್ಷ ಅರ ಉಜ್ಜಿ ಬಂದಿರುತ್ತಾರೆ. ಆ ಬೇಸಿಗೆಯ ರಜೆಯನ್ನು ಟ್ಯೂಷನ್ನಿಗೆ ಮೀಸಲಿಡಿ.

ಪ್ರಶ್ನೆ: ನಮ್ಮದು ಆಲಮೇಲ. ಕೆಲವೇ ಮೈಲಿ ದೂರದ ಅಫಜಲಪುರದ ಹುಡುಗರಿಗೆ 371(ಜೆ) ಅಡಿ ಸೀಟು ಸಿಗುತ್ತದೆ. ನಮ್ಮ ಮಕ್ಕಳಿಗೂ ಸಿಗುತ್ತದೆಯೇ?

ಉತ್ತರ: ಇಲ್ಲ. ಸಂವಿಧಾನದ 98ನೆಯ ತಿದ್ದುಪಡಿಯಿಂದ ಬಂದ ಈ ವಿಶೇಷ ಸೌಲಭ್ಯ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳ ಸ್ಥಳೀಯರಿಗೆ ಮಾತ್ರ. ವಿಜಯಪುರ ಜಿಲ್ಲೆ ಹಿಂದೆ ಮುಂಬೈ ಕರ್ನಾಟಕ ಎನ್ನಿಸಿಕೊಂಡಿದ್ದ, 2021ರಿಂದ ಕಿತ್ತೂರು ಕರ್ನಾಟಕ ಎಂದು ಕರೆಯಲಾಗುತ್ತಿರುವ ಭಾಗಕ್ಕೆ ಸೇರಿದೆ. ಭೀಮೆಯ ಆ ದಂಡೆಗೆ ಒಂದು ನಿಯಮ, ಈ ದಂಡೆಗೆ ಇನ್ನೊಂದು ಎಂಬ ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಅಲ್ಲಿ ಮನೆ ಬಾಡಿಗೆ ಹಿಡಿದಂತೆ ತೋರಿಸಿ ಸ್ಥಳೀಯ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ ಎನ್ನುವವರ ಮಾತಿಗೆ ಮರುಳಾಗಬೇಡಿ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸೀಟೂ ಹೋಗುತ್ತದೆ, ಮೊಕದ್ದಮೆಯೂ ಬರುತ್ತದೆ. ಮಕ್ಕಳು ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಯನ್ನು ಕೇಳಬಹುದು. ಅದರ ವ್ಯಾಸಂಗ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಶಾಲೆಯಿಂದ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಮಾಡಿಸಿಟ್ಟುಕೊಳ್ಳಿ.

ಪ್ರಶ್ನೆ: ನಾನು ಖಾನಾಪುರ ತಾಲ್ಲೂಕಿನ ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯಲ್ಲಿ ಶೇ 84 ಬಂದಿದೆ. ಬೆಳಗಾವಿಯಲ್ಲಿ ಟೂಲ್ ಆ್ಯಂಡ್ ಡೈ ಮೇಕಿಂಗ್ ಡಿಪ್ಲೊಮಾ ಓದಬೇಕೆಂಬ ಆಸೆ. ಅದು ಗಂಡುಮಕ್ಕಳ ಕೆಲಸ, ಕಂಪ್ಯೂಟರ್ ಸೈನ್ಸ್ ತೆಗೆದುಕೋ ಎಂದು ಮನೆಯಲ್ಲಿ ಹೇಳುತ್ತಾರೆ. ಈ ಕೋರ್ಸಿನಲ್ಲಿ ನಿಜವಾಗಿ ಏನು ಕಲಿಸುತ್ತಾರೆ, ಸರ್?

ಉತ್ತರ: ನಿಮ್ಮ ಮನೆಯ ಪ್ಲಾಸ್ಟಿಕ್ ಕೊಡ, ಸ್ವಿಚ್ಚಿನ ಗುಂಡಿ, ಮೊಬೈಲಿನ ಹಿಂಬದಿಯ ಕವಚ, ಬಾಟಲಿಯ ಮುಚ್ಚಳ, ಕುಕ್ಕರಿನ ತಟ್ಟೆ ಇವೆಲ್ಲವೂ ಸಾವಿರಗಟ್ಟಲೆ ಸಂಖ್ಯೆಯಲ್ಲಿ ಒಂದೇ ಅಚ್ಚಿನಿಂದ ಹೊರಬರುತ್ತವೆ. ಆ ಅಚ್ಚನ್ನು ವಿನ್ಯಾಸ ಮಾಡಿ, ಉಕ್ಕಿನಲ್ಲಿ ಕೊರೆದು, ಹೊಳಪು ಕೊಟ್ಟು, ಪ್ರೆಸ್ಸಿಗೆ ಅಥವಾ ಮೋಲ್ಡಿಂಗ್ ಯಂತ್ರಕ್ಕೆ ಕೂಡಿಸಿ ಮೊದಲ ವಸ್ತುವನ್ನು ತೆಗೆದು ತೋರಿಸುವ ವಿದ್ಯೆಯೇ ಟೂಲ್ ಆ್ಯಂಡ್ ಡೈ ಮೇಕಿಂಗ್. ಅಚ್ಚಿನಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಅದರಿಂದ ಬರುವ ಪ್ರತಿಯೊಂದು ವಸ್ತುವಿನಲ್ಲಿಯೂ ಆ ತಪ್ಪು ಮೂಡುತ್ತದೆ. ಆದ್ದರಿಂದ ಇಲ್ಲಿ ಅಳತೆ ಮಿಲಿಮೀಟರಿನಲ್ಲಿ ನಿಲ್ಲುವುದಿಲ್ಲ. ಮಿಲಿಮೀಟರಿನ ಸಾವಿರದ ಒಂದು ಭಾಗವಾದ ಮೈಕ್ರಾನಿನವರೆಗೆ ಹೋಗುತ್ತದೆ. ಸಾಮಾನ್ಯ ವರ್ಕ್‌ಶಾಪಿನ ವರ್ನಿಯರ್ 0.02 ಮಿ.ಮೀ. ತೋರಿಸುತ್ತದೆ, ಮೈಕ್ರೊಮೀಟರ್ 0.01 ಮಿ.ಮೀ. ತೋರಿಸುತ್ತದೆ, ಟೂಲ್ ರೂಮಿನಲ್ಲಿ ಅವೆರಡೂ ಆರಂಭದ ಪಾಠಗಳು. ಅಲ್ಲಿಂದ ಮುಂದೆ ಸರ್ಫೇಸ್ ಗ್ರೈಂಡಿಂಗ್, ಸಿಎನ್‌ಸಿ ಮಿಲ್ಲಿಂಗ್, ವಿದ್ಯುತ್ ಕಿಡಿಯಿಂದ ಉಕ್ಕನ್ನು ಸವೆಸುವ ಸ್ಪಾರ್ಕ್ ಇರೋಷನ್, ತೆಳುವಾದ ತಂತಿಯಿಂದ ದಪ್ಪ ಉಕ್ಕನ್ನು ಕತ್ತರಿಸುವ ವೈರ್‌ಕಟ್, ಕಂಪ್ಯೂಟರಿನಲ್ಲಿ ವಿನ್ಯಾಸ ಹೀಗೆ ಕಲಿಕೆ ಸಾಗುತ್ತದೆ.

ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಎಲ್ಲರೂ ಜಿಟಿಟಿಸಿ ಎಂದು ಕರೆಯುವ ಸಂಸ್ಥೆ, 1972ರಲ್ಲಿ ಡೆನ್ಮಾರ್ಕ್ ಸಹಕಾರದೊಂದಿಗೆ ಬೆಂಗಳೂರಿನಲ್ಲಿ ಆರಂಭವಾಯಿತು. ನಮ್ಮ ಭಾಗದಲ್ಲಿ ಬೆಳಗಾವಿಯಲ್ಲಿಯೂ ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿಯೂ ಅದರ ಕೇಂದ್ರಗಳಿವೆ. ಈ ಡಿಪ್ಲೊಮಾಕ್ಕೆ ಮೂರು ವರ್ಷ ಪಾಠ, ಅದರ ಮೇಲೆ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ, ಒಟ್ಟು ನಾಲ್ಕು ವರ್ಷ. ನಾಲ್ಕು ವರ್ಷವೇ ಎಂದು ಹಿಂಜರಿಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಆ ನಾಲ್ಕನೆಯ ವರ್ಷವೇ ಈ ಕೋರ್ಸಿನ ಅಸಲು ಬಂಡವಾಳ. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ವಿದ್ಯಾರ್ಥಿ ಲೇಥ್ ಯಂತ್ರವನ್ನು ನೋಡಿರುತ್ತಾನೆ, ಅಷ್ಟಿಷ್ಟು ಮುಟ್ಟಿರುತ್ತಾನೆ. ಇಲ್ಲಿ ಅದರ ಮುಂದೆ ನಿಂತಿರುತ್ತಾನೆ. ಮೂವತ್ತು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿದ ನಾನೇ ಈ ಮಾತು ಹೇಳುವಾಗ ಸ್ವಲ್ಪ ಸಂಕೋಚವಾಗುತ್ತದೆ, ಆದರೆ ಸುಳ್ಳು ಹೇಳಲಾರೆ.

ಇನ್ನು ಗಂಡುಮಕ್ಕಳ ಕೆಲಸ ಎಂಬ ಮಾತು. ಭಾರ ಎತ್ತಲು ಹೊಯಿಸ್ಟ್ ಇದೆ, ಉಕ್ಕು ಕೊರೆಯಲು ಯಂತ್ರವಿದೆ. ಮನುಷ್ಯರಿಂದ ಬೇಕಾಗಿರುವುದು ಸೂಕ್ಷ್ಮವಾದ ಕಣ್ಣು, ತಾಳ್ಮೆ ಮತ್ತು ಲೆಕ್ಕ. ಕಸೂತಿಯ ಎಳೆ ಎಣಿಸುವ ಕೈಗೆ ಡಯಲ್ ಗೇಜಿನ ಮುಳ್ಳು ನೋಡುವುದು ಕಷ್ಟವಾಗದು. ದಿನವಿಡೀ ನಿಂತು ಕೆಲಸ ಮಾಡಬೇಕು, ಕೈಗೆ ಎಣ್ಣೆ ಮೆತ್ತಿಕೊಳ್ಳುತ್ತದೆ, ಶಿಫ್ಟ್ ಇರುತ್ತದೆ ಎಂಬುದನ್ನು ಮಾತ್ರ ತಿಳಿದುಕೊಂಡೇ ಸೇರಬೇಕು. ಬೆಳಗಾವಿಯ ಉದ್ಯಮಬಾಗ, ಮಚ್ಛೆಗಳಲ್ಲಿ ಎರಕದ ಕಾರ್ಖಾನೆಗಳೂ ಹೈಡ್ರಾಲಿಕ್ಸ್ ಘಟಕಗಳೂ ಇವೆ. ಹುಕ್ಕೇರಿ ತಾಲ್ಲೂಕಿನ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳನ್ನು ತಯಾರಿಸುವ ವಿಶೇಷ ಆರ್ಥಿಕ ವಲಯವಿದೆ. ನಿಮ್ಮ ಊರಿನಿಂದ ದೂರವಲ್ಲದ ಈ ಜಾಗಗಳಲ್ಲಿ ಕೇಳುವುದು ಇದೇ ಮಟ್ಟದ ಅಳತೆಯ ಕೆಲಸವನ್ನು. ತಂದೆಯವರನ್ನು ಒಮ್ಮೆ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಯಂತ್ರಗಳನ್ನು ತೋರಿಸಿ. ನನ್ನ ಪತ್ರಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ.

ಮನೆಯವರ ಮಾತಿಗೆ ಕಟ್ಟುಬಿದ್ದು ಪಾಲಿಟೆಕ್ನಿಕ್ಕಿಗೇ ಹೋಗುವುದಾದರೆ ಎಐಸಿಟಿಇಯ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ, ಪ್ರಗತಿ ವಿದ್ಯಾರ್ಥಿವೇತನವನ್ನು ಮರೆಯಬೇಡಿ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ, ಎಐಸಿಟಿಇ ಮಾನ್ಯತೆಯ ಸಂಸ್ಥೆಯಲ್ಲಿ ಡಿಪ್ಲೊಮಾ ಓದುವ ವಿದ್ಯಾರ್ಥಿನಿಯರಲ್ಲಿ ಆಯ್ಕೆಯಾದವರಿಗೆ ವರ್ಷಕ್ಕೆ 50,000 ರೂಪಾಯಿ ದೊರೆಯುತ್ತದೆ; ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅವಕಾಶವಿದೆ.

ಪ್ರಶ್ನೆ: ಇಳಕಲ್ಲಿನ ನೇಕಾರ ಕುಟುಂಬದ ಸೊಸೆ ನಾನು, ವಯಸ್ಸು 31. ಎಸ್ಸೆಸ್ಸೆಲ್ಸಿ ಓದಿದ್ದೇನೆ. ಮನೆಯಲ್ಲಿ ಕುಪ್ಪಸ ಹೊಲಿದುಕೊಡುತ್ತೇನೆ. ಮಕ್ಕಳನ್ನು ಬಿಟ್ಟು ವರ್ಷಗಟ್ಟಲೆ ಕಾಲೇಜಿಗೆ ಹೋಗಲಾಗದು. ನನ್ನಂಥವರಿಗೆ ಏನಾದರೂ ಇದೆಯೇ?

ಉತ್ತರ: ಇದೆ ತಾಯಿ. ಪ್ರತಿ ಜಿಲ್ಲೆಯಲ್ಲಿ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ ಇರುತ್ತದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯೇ ಇದಕ್ಕೆ ಮಾದರಿ. ಇಲ್ಲಿ 18ರಿಂದ 45 ವರ್ಷದ ಗ್ರಾಮೀಣ ನಿರುದ್ಯೋಗಿಗಳಿಗೆ ಊಟ ವಸತಿಯೊಂದಿಗೆ ಉಚಿತ ತರಬೇತಿ ಇರುತ್ತದೆ. ಹೊಲಿಗೆ ತರಬೇತಿ ಸುಮಾರು ಒಂದು ತಿಂಗಳಿನದು. ಹೊಲಿಗೆಯ ಜೊತೆಗೆ ಲೆಕ್ಕ ಬರೆಯುವುದು, ಸಾಲದ ಅರ್ಜಿ ಸಿದ್ಧಪಡಿಸುವುದನ್ನೂ ಹೇಳಿಕೊಡುತ್ತಾರೆ. ನಿಮಗೆ ಹೊಲಿಗೆ ಬರುತ್ತದೆ ಎಂದಿದ್ದೀರಿ. ಹಾಗಾದರೆ ನಿಮಗೆ ಪ್ರಯೋಜನವಾಗುವುದು ಆ ಎರಡನೆಯ ಭಾಗವೇ. ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿದರೆ ಮುಂದಿನ ತಂಡ ಯಾವಾಗ ಎಂದು ತಿಳಿಯುತ್ತದೆ.

ಎರಡನೆಯದು, 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ. ಅದರ 18 ಕಸುಬುಗಳಲ್ಲಿ ಹೊಲಿಗೆ ಇದೆ. ವಿಚಿತ್ರವೆಂದರೆ ನಿಮ್ಮ ಮನೆಯ ಮುಖ್ಯ ಕಸುಬಾದ ಕೈಮಗ್ಗದ ನೇಯ್ಗೆ ಆ ಪಟ್ಟಿಯಲ್ಲಿಲ್ಲ. ಹೊಲಿಗೆಯವರೆಂದು ನೋಂದಾಯಿಸಿಕೊಂಡರೆ ಐದಾರು ದಿನಗಳ ಮೂಲ ತರಬೇತಿ, ಆ ದಿನಗಳಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಯ ಸಾಲ ಇವೆ. ಒಂದು ಕುಟುಂಬದಿಂದ ಒಬ್ಬರಿಗೆ ಮಾತ್ರ ಎಂಬುದು ಷರತ್ತು. ಮುಂದೆ ಮಕ್ಕಳು ದೊಡ್ಡವರಾದ ಮೇಲೆ ಐಟಿಐಯ ಒಂದು ವರ್ಷದ ಹೊಲಿಗೆ ತಂತ್ರಜ್ಞಾನ ಟ್ರೇಡನ್ನು ಯೋಚಿಸಬಹುದು. ಶಾಲೆಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ ಹೊಲಿಗೆ ಕಲಿಸುವ ಕೆಲಸಕ್ಕೆ ಪ್ರಮಾಣಪತ್ರ ಕೇಳುತ್ತಾರೆ, ಕುಪ್ಪಸ ಹೊಲಿಯಲು ಯಾರೂ ಕೇಳುವುದಿಲ್ಲ.

ಪ್ರಶ್ನೆ: ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರ ನಾನು. ಇಬ್ಬರು ಮಕ್ಕಳಲ್ಲಿ ಒಬ್ಬನಾದರೂ ಊರ ಕಡೆಗೇ ಇರಲಿ ಎಂಬ ಆಸೆ. ಇಲ್ಲಿಯೇ ನಡೆಯುವಂತಹ ತಾಂತ್ರಿಕ ಕೋರ್ಸು ಯಾವುದು?

ಉತ್ತರ: ನಿಮ್ಮ ಪ್ರಶ್ನೆಗೆ ನಿಮ್ಮ ಸೀಮೆಯ ಕೋಲ್ಡ್ ಸ್ಟೋರೇಜುಗಳೇ ಉತ್ತರ ಹೇಳುತ್ತಿವೆ. ದ್ರಾಕ್ಷಿಯನ್ನು ಡಿಪ್ಪಿಂಗ್ ದ್ರಾವಣದಲ್ಲಿ ಅದ್ದಿ ಶೆಡ್ಡಿನ ಜಾಳಿಗೆಗಳ ಮೇಲೆ ಒಣಗಿಸಿ ಮಣೂಕ ಮಾಡುತ್ತೀರಿ. ಬೆಲೆ ಬರುವವರೆಗೆ ಅದನ್ನು ತಂಪಿನಲ್ಲಿ ಇಡಬೇಕು, ಇಲ್ಲದಿದ್ದರೆ ಬಣ್ಣ ಕಂದುತ್ತದೆ. ತಾಸಗಾಂವ, ಸಾಂಗಲಿಯ ಹರಾಜಿಗೆ ಒಯ್ಯುವ ಮೊದಲು ಮಾಲು ತಿಂಗಳುಗಟ್ಟಲೆ ಕೋಲ್ಡ್ ಸ್ಟೋರೇಜಿನಲ್ಲಿ ಕೂರುತ್ತದೆ. ಆ ಕಂಪ್ರೆಸರ್ ಬೇಸಿಗೆಯ ನಡುವೆ ಕೆಟ್ಟು ನಿಂತ ದಿನ ಮಾಲೀಕರು ಯಾರಿಗೆ ಫೋನ್ ಮಾಡುತ್ತಾರೆ ಎಂದು ವಿಚಾರಿಸಿ ನೋಡಿ. ಮೆಕ್ಯಾನಿಕ್ ದೂರದ ಪಟ್ಟಣದಿಂದ ಬರಬೇಕಾದರೆ ಅಷ್ಟು ಹೊತ್ತು ಕೋಣೆಯ ಉಷ್ಣತೆ ಏರುತ್ತಲೇ ಇರುತ್ತದೆ.

ಐಟಿಐಯಲ್ಲಿ ರೆಫ್ರಿಜರೇಷನ್ ಮತ್ತು ಏರ್ ಕಂಡಿಷನಿಂಗ್ ಟೆಕ್ನಿಷಿಯನ್ ಎಂಬ ಎರಡು ವರ್ಷದ ಟ್ರೇಡ್ ಇದೆ. ವಿಜ್ಞಾನ, ಗಣಿತದೊಂದಿಗೆ ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. ತಾಮ್ರದ ಕೊಳವೆಯನ್ನು ಬೆಸೆಯುವುದು, ಸೋರಿಕೆ ಹುಡುಕುವುದು, ವ್ಯಾಕ್ಯೂಮ್ ಎಳೆದು ಗ್ಯಾಸ್ ತುಂಬುವುದು, ಮೋಟಾರು ಮತ್ತು ನಿಯಂತ್ರಣ ಸರ್ಕಿಟ್ಟುಗಳ ದೋಷ ಪತ್ತೆ ಮಾಡುವುದು ಇದರಲ್ಲಿ ಬರುತ್ತವೆ. ದೊಡ್ಡ ಕೋಲ್ಡ್ ಸ್ಟೋರೇಜುಗಳಲ್ಲಿ ಸಾಮಾನ್ಯವಾಗಿ ಅಮೋನಿಯಾ ಬಳಸುತ್ತಾರೆ. ಮನೆಯ ಎಸಿಯ ಕೆಲಸಕ್ಕೂ ಅದಕ್ಕೂ ಬಹಳ ಅಂತರವಿದೆ, ಅಮೋನಿಯಾ ಸೋರಿದರೆ ಪ್ರಾಣಾಪಾಯ. ಆದ್ದರಿಂದ ಕೋರ್ಸು ಮುಗಿದ ಮೇಲೆ ಮಗನನ್ನು ನೇರವಾಗಿ ಅಂಗಡಿ ತೆರೆಯಲು ಬಿಡದೆ, ಅನುಭವಿಗಳ ಕೈಕೆಳಗೆ ಒಂದೆರಡು ಹಂಗಾಮು ಕೆಲಸ ಮಾಡಿಸಿ. ಒಂದು ಎಚ್ಚರಿಕೆ: ಐಟಿಐಗಳಿಗೆ ಮಾನ್ಯತೆ ಸಿಗುವುದು ಸಂಸ್ಥೆಗೆ ಒಟ್ಟಾಗಿ ಅಲ್ಲ, ಒಂದೊಂದು ಟ್ರೇಡಿಗೆ, ಒಂದೊಂದು ಘಟಕಕ್ಕೆ ಪ್ರತ್ಯೇಕವಾಗಿ. ನಿಮ್ಮ ಸಮೀಪದ ಐಟಿಐಯಲ್ಲಿ ಈ ಟ್ರೇಡಿಗೆ ಮಾನ್ಯತೆ ಇದೆಯೇ ಎಂದು ಪ್ರವೇಶಕ್ಕೆ ಮೊದಲು ಕೇಳಿ.

ಇನ್ನೊಬ್ಬ ಮಗನಿಗೆ ತೋಟದಲ್ಲಿಯೇ ಆಸಕ್ತಿಯಿದ್ದರೆ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷದ ಕೃಷಿ ಡಿಪ್ಲೊಮಾ ನೋಡಿ; ಎಸ್ಸೆಸ್ಸೆಲ್ಸಿ ಆಧಾರದ ಮೇಲೆ ಪ್ರವೇಶ, ಪಾಠ ಕನ್ನಡದಲ್ಲಿ.

ಪ್ರಶ್ನೆ: ನಾವು ಜತ್ತ ತಾಲ್ಲೂಕಿನವರು. ಮಗಳು ಅಲ್ಲಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಓದಿದ್ದಾಳೆ. ಮುಂದೆ ವಿಜಯಪುರದಲ್ಲಿ ಓದಿ ಎಂಜಿನಿಯರಿಂಗಿಗೆ ಹೋಗುವುದಾದರೆ ಕರ್ನಾಟಕದ ಸೀಟಿಗೆ ಅರ್ಹಳೇ?

ಉತ್ತರ: ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಹತಾ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ. ಮಹಾರಾಷ್ಟ್ರದ ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜ ತಾಲ್ಲೂಕುಗಳು ಅದರಲ್ಲಿ ಸೇರಿವೆ. ಮಾತೃಭಾಷೆ ಕನ್ನಡವಾಗಿರಬೇಕು, ವಾಸದ ಪ್ರಮಾಣಪತ್ರ ಬೇಕು, ನಿಗದಿತ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಜತ್ತದ ತಹಸೀಲ್ದಾರ್ ಕಚೇರಿಯ ಪ್ರಮಾಣಪತ್ರಗಳು ಮರಾಠಿಯಲ್ಲಿರುವುದರಿಂದ, ಕೊನೆಯ ಗಳಿಗೆಯಲ್ಲಿ ಓಡಾಡದೆ ಪ್ರಾಧಿಕಾರದ ನಮೂನೆಯಲ್ಲಿಯೇ ಮೊದಲು ಬರೆಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಿಡಗುಂದಿಯಲ್ಲಿ 11 ವರ್ಷಗಳಿಂದ ಮನೆ ವೈರಿಂಗ್, ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಫೇಲ್. ಪ್ರಮಾಣಪತ್ರವಿಲ್ಲದ್ದಕ್ಕೆ ದೊಡ್ಡ ಕೆಲಸ ಸಿಗುತ್ತಿಲ್ಲ. ಐಟಿಐ ಮಾಡಿದರೆ ಹೆಸ್ಕಾಂನಲ್ಲಿ ಲೈನ್‌ಮನ್ ಆಗಬಹುದೇ?

ಉತ್ತರ: ಮೂರು ಬೇರೆ ಬೇರೆ ಕಾಗದಗಳು ನಿಮ್ಮ ಪ್ರಶ್ನೆಯಲ್ಲಿ ಒಂದಾಗಿ ಸಿಕ್ಕುಹಾಕಿಕೊಂಡಿವೆ. ಮೊದಲನೆಯದು ಲೈನ್‌ಮನ್ ಹುದ್ದೆ. ಕಿರಿಯ ಪವರ್‌ಮನ್ ನೇಮಕಾತಿಗೆ ಕೇಳುವುದು ಎಸ್ಸೆಸ್ಸೆಲ್ಸಿಯನ್ನು. ಆಯ್ಕೆ ಆಗುವುದು ಅದರ ಅಂಕಗಳ ಮೇಲೆ ಮತ್ತು ಕಂಬ ಹತ್ತುವುದೂ ಸೇರಿದ ದೈಹಿಕ ಪರೀಕ್ಷೆಯ ಮೇಲೆ. ಐಟಿಐ ಮಾಡಿದರೆ ಲೈನ್‌ಮನ್ ಆಗುತ್ತಾರೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಅದನ್ನು ನಂಬಿ ಎರಡು ವರ್ಷ ಕಳೆಯಬೇಡಿ.

ಎರಡನೆಯದು ವೈರ್‌ಮನ್ ಪರವಾನಗಿ. ಇದನ್ನು ಕೊಡುವುದು ರಾಜ್ಯದ ವಿದ್ಯುತ್ ಪರಿವೀಕ್ಷಣಾ ಇಲಾಖೆ. ಕಟ್ಟಡದ ವಿದ್ಯುತ್ ಕಾಮಗಾರಿಯನ್ನು ಪರವಾನಗಿ ಇರುವ ಗುತ್ತಿಗೆದಾರರ ಮೂಲಕವೇ ಮಾಡಿಸಬೇಕೆಂಬ ನಿಯಮವಿರುವುದರಿಂದ, ನಿಮಗೆ ದೊಡ್ಡ ಕೆಲಸ ತಪ್ಪುತ್ತಿರುವುದು ಈ ಕಾಗದ ಇಲ್ಲದ್ದಕ್ಕೆ. ಮೂರನೆಯದು ಪೂರ್ವ ಕಲಿಕೆಯ ಮಾನ್ಯತೆ, ಅಂದರೆ ಕೆಲಸ ಮಾಡುತ್ತಲೇ ಕಲಿತವರ ಕೌಶಲವನ್ನು ಪರೀಕ್ಷಿಸಿ ಕೊಡುವ ಆರ್‌ಪಿಎಲ್ ಪ್ರಮಾಣಪತ್ರ. ನಿಮ್ಮ 11 ವರ್ಷಗಳಿಗೆ ಅದು ಒಂದು ಸಾಕ್ಷಿಯಾದೀತು, ಆದರೆ ವೈರ್‌ಮನ್ ಪರವಾನಗಿಯ ಜಾಗವನ್ನು ಅದು ತುಂಬುವುದಿಲ್ಲ. ಎರಡೂ ಒಂದೇ ಎಂದು ಹೇಳಿ ಹಣ ಕೇಳುವವರು ಬಂದರೆ ಬಾಗಿಲು ಹಾಕಿಕೊಳ್ಳಿ.

ಓದಲೇಬೇಕೆಂಬ ಮನಸ್ಸಿದ್ದರೆ ಮೊದಲು ಎಸ್ಸೆಸ್ಸೆಲ್ಸಿ ಮುಗಿಸಿ. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತವೆ, ಉಳಿದ ವಿಷಯಗಳನ್ನು ಬರೆಯಲು ಮೊದಲಿನಷ್ಟು ಕಾಯಬೇಕಾಗಿಲ್ಲ. ಎಲೆಕ್ಟ್ರಿಷಿಯನ್ ಟ್ರೇಡಿಗೆ ಎಸ್ಸೆಸ್ಸೆಲ್ಸಿ ಬೇಕೇ ಬೇಕು. ವೈರ್‌ಮನ್ ಟ್ರೇಡಿಗೆ ಎಂಟನೆಯ ತರಗತಿ ಸಾಕು, ಆದರೆ ಅದೂ ಎರಡು ವರ್ಷದ್ದೇ. ದುಡಿಯುವ ಮನುಷ್ಯ ಎರಡು ವರ್ಷ ಕೆಲಸ ಬಿಟ್ಟು ಕೂರಲಾಗುವುದೇ ಎಂಬ ಲೆಕ್ಕವನ್ನು ನೀವೇ ಹಾಕಬೇಕು. ಪರಿವೀಕ್ಷಣಾ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ, ಅನುಭವದ ಆಧಾರದ ಮೇಲೆ ಪರೀಕ್ಷೆಗೆ ಕೂರಲು ಏನೇನು ದಾಖಲೆ ಬೇಕೆಂದು ಬರವಣಿಗೆಯಲ್ಲಿ ಕೇಳುವುದೇ ನಿಮಗೆ ಮೊದಲ ಹೆಜ್ಜೆ.

ಪ್ರಶ್ನೆ: ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದೇನೆ. ಯುವನಿಧಿ ಪಡೆಯುವುದೋ, ಅಪ್ರೆಂಟಿಸ್ ಆಗುವುದೋ? (ಬಾಗಲಕೋಟೆಯ ಯುವಕ)

ಉತ್ತರ: ಎರಡೂ ಒಟ್ಟಿಗೆ ಸಿಗುವುದಿಲ್ಲ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1,500 ರೂಪಾಯಿ, ಅದೂ ಪಾಸಾಗಿ 180 ದಿನ ಕೆಲಸವಿಲ್ಲದಿದ್ದರೆ, ಹೆಚ್ಚೆಂದರೆ ಎರಡು ವರ್ಷ. ಅಪ್ರೆಂಟಿಸ್ ವೇತನ ಪಡೆಯುವವರು, ಓದು ಮುಂದುವರಿಸುವವರು ಅದಕ್ಕೆ ಅರ್ಹರಲ್ಲ. ನಾನಾದರೆ ಎರಡನೆಯ ಯೋಚನೆ ಮಾಡದೆ ಅಪ್ರೆಂಟಿಸ್ ಆಗುತ್ತಿದ್ದೆ. ಡಿಪ್ಲೊಮಾದವರಿಗೆ ಒಂದು ವರ್ಷದ ತರಬೇತಿ ಇರುತ್ತದೆ. ಅರ್ಜಿ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆಯಾದ ನ್ಯಾಟ್ಸ್‌ನ ಪೋರ್ಟಲಿನಲ್ಲಿ. ಐಟಿಐ ಮುಗಿಸಿದ ನಿಮ್ಮ ಗೆಳೆಯರಿದ್ದರೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನ ಪ್ರಕಟಣೆಗಳನ್ನು ಗಮನಿಸಲು ಹೇಳಿ. ನೈಋತ್ಯ ರೈಲ್ವೆಯ ಅಪ್ರೆಂಟಿಸ್ ಆಯ್ಕೆಗೆ ಲಿಖಿತ ಪರೀಕ್ಷೆಯಿಲ್ಲ, ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳನ್ನು ನೋಡುತ್ತಾರೆ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಮುಂದೆ ಲೆವೆಲ್-1 ನೇಮಕಾತಿಯಲ್ಲಿ ಶೇ 20ರಷ್ಟು ಹುದ್ದೆಗಳು ಮೀಸಲು.

ಪ್ರಶ್ನೆ: ಕೆಲಸದ ಗ್ಯಾರಂಟಿ ಎಂದು ಹೇಳಿ ಖಾಸಗಿ ಸಂಸ್ಥೆಯೊಂದು ನನ್ನ ತಮ್ಮನನ್ನು ಆರು ತಿಂಗಳ ಡಿಪ್ಲೊಮಾಕ್ಕೆ ಸೇರಿಸಿಕೊಂಡಿತು. ಅಲ್ಲಿ ಯಂತ್ರವೇ ಇಲ್ಲ. ಬಿಡುತ್ತೇನೆಂದರೆ ಪೂರ್ತಿ ಶುಲ್ಕ ಕಟ್ಟುವವರೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೊಡುವುದಿಲ್ಲ ಎನ್ನುತ್ತಿದ್ದಾರೆ. ಐಟಿಐ ಅರ್ಜಿಯ ಕೊನೆಯ ದಿನ ಹತ್ತಿರವಾಗಿದೆ. ಏನು ಮಾಡಲಿ? (ಗೋಕಾಕ ತಾಲ್ಲೂಕಿನ ಓದುಗರು)

ಉತ್ತರ: ಅಂಕಪಟ್ಟಿ ಅವರ ಬೀರುವಿನಲ್ಲಿದೆ ಎಂಬ ಕಾರಣಕ್ಕೆ ಐಟಿಐ ಅರ್ಜಿ ನಿಲ್ಲಬಾರದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರಿನಲ್ಲಿ ಸಿಗುತ್ತದೆ. ಇಂದೇ ಅದನ್ನು ಇಳಿಸಿಕೊಂಡು ಅರ್ಜಿ ಹಾಕಿ. ದಾಖಲೆ ಪರಿಶೀಲನೆಗೆ ಮೂಲ ಪ್ರತಿ ಬೇಕಾಗುವುದರಿಂದ, ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಪರೀಕ್ಷಾ ಮಂಡಳಿಗೆ ದ್ವಿತೀಯ ಅಂಕಪಟ್ಟಿಗಾಗಿ ಅರ್ಜಿಯನ್ನೂ ಕೊಡಿ. ಮೂಲ ಪ್ರತಿ ಕಳೆದುಹೋಗಿದೆ ಎಂದು ಮಾತ್ರ ಬರೆಯಬೇಡಿ. ಅದು ಯಾರ ಬಳಿ ಇದೆಯೋ ಹಾಗೆಯೇ ನಿಜ ಬರೆಯಿರಿ.

ಸಂಸ್ಥೆಗೆ ಬಾಯಿಮಾತಿನಲ್ಲಿ ಕೇಳುವುದನ್ನು ನಿಲ್ಲಿಸಿ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಿ. ಯಾವ ದಿನ ಸೇರಿದ್ದು, ಎಷ್ಟು ಹಣ ಕಟ್ಟಿದ್ದು, ಏನು ಹೇಳಿ ಸೇರಿಸಿಕೊಂಡಿದ್ದು, ಯಾವ ದಾಖಲೆ ಅವರ ಬಳಿ ಇದೆ ಎಂಬುದೆಲ್ಲ ಅದರಲ್ಲಿರಲಿ. ರಸೀದಿ, ಕರಪತ್ರ, ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಎಐಸಿಟಿಇ ಮಾನ್ಯತೆಯ ಸಂಸ್ಥೆಗಳೇ ವಿದ್ಯಾರ್ಥಿಗಳ ಮೂಲ ದಾಖಲೆಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಮಾನ್ಯತೆಯೇ ಇಲ್ಲದವರಿಗೆ ಆ ಹಕ್ಕು ಎಲ್ಲಿಂದ ಬರಬೇಕು? ಪತ್ರಕ್ಕೆ ಉತ್ತರ ಬಾರದಿದ್ದರೆ ಗೋಕಾಕ ನ್ಯಾಯಾಲಯದ ಆವರಣದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರು, ಪರಿಶಿಷ್ಟರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ. ವಕೀಲರ ಒಂದು ನೋಟಿಸು ತಲುಪುತ್ತಿದ್ದಂತೆ ಅಂಕಪಟ್ಟಿ ಹಿಂದಿರುಗಿದ ಉದಾಹರಣೆಗಳನ್ನು ನಾನು ಕಂಡಿದ್ದೇನೆ.

ನಿಮ್ಮ ತಮ್ಮನ ಹಾಗೆ ಮೋಸಹೋಗುವವರಲ್ಲಿ ಹೆಚ್ಚಿನವರು ಡಿಪ್ಲೊಮಾ ಎಂಬ ಒಂದು ಪದಕ್ಕೆ ಬಲಿಯಾದವರು. ತಾಂತ್ರಿಕ ಶಿಕ್ಷಣ ಇಲಾಖೆಯ ಡಿಪ್ಲೊಮಾ ಮೂರು ವರ್ಷದ್ದು. ಎಸ್ಸೆಸ್ಸೆಲ್ಸಿ ಆದವನಿಗೆ ಆರು ತಿಂಗಳಲ್ಲಿ ಆ ಡಿಪ್ಲೊಮಾವನ್ನು ಯಾರೂ ಕೊಡಲಾರರು. ಸೇರುವ ಮುನ್ನ ಎರಡೇ ಪ್ರಶ್ನೆ ಕೇಳಬೇಕಿತ್ತು: ಪ್ರಮಾಣಪತ್ರದ ಮೇಲೆ ಯಾರ ಸಹಿ ಇರುತ್ತದೆ, ಮತ್ತು ವರ್ಕ್‌ಶಾಪ್ ಎಲ್ಲಿದೆ ತೋರಿಸಿ. ಐಟಿಐ ಪ್ರವೇಶದ ದಿನ ತಮ್ಮನ ಜೊತೆ ನೀವೂ ಹೋಗಿ, ಅಲ್ಲಿಯೂ ಈ ಎರಡು ಪ್ರಶ್ನೆಗಳನ್ನು ಕೇಳಿ. ಒಂದು ಘಟಕದಲ್ಲಿ ಸುಮಾರು 20 ಹುಡುಗರಿರುತ್ತಾರೆ. ಅಷ್ಟು ಜನಕ್ಕೆ ವೈಸ್‌ಗಳೆಷ್ಟು, ಲೇಥ್‌ಗಳೆಷ್ಟು ಎಂದು ಎಣಿಸಿ, ಯಂತ್ರದ ಬೆಡ್ಡಿನ ಮೇಲೆ ಬೆರಳಾಡಿಸಿ ನೋಡಿ, ಅಂಟುವುದು ಎಣ್ಣೆಯೋ ಧೂಳೋ ಎಂದು.